ಗುಡಿ ಮುಂದಿನ ಹದಿನೆಂಟು ಅಡಿ

ಕೇರಿಯ ನಳದಲ್ಲಿ ನೀರು ಬಂದದ್ದು ಒಂದೇ ದಿನ. ಅದೂ ನಳದ ನೀರಲ್ಲ.

ಮುಳ್ಳಿನಾಳದ ಮಾದಿಗರ ಕೇರಿಯಲ್ಲಿ ಅರವತ್ನಾಲ್ಕು ಮನೆ. ಮನೆಗೊಂದು ನಳ ನಿಲ್ಲಿಸಿ ಹೋಗಿ ಎರಡು ವರ್ಷವಾಗಿತ್ತು. ಮೊಣಕಾಲೆತ್ತರದ ಸಿಮೆಂಟು ಕಟ್ಟೆ, ಅದರ ಮೇಲೊಂದು ಪೈಪು, ಪೈಪಿಗೊಂದು ಪ್ಲಾಸ್ಟಿಕ್ ತಿರುಪು. ತಿರುವಿದರೆ ಗಾಳಿ ಕೂಡ ಬರುತ್ತಿರಲಿಲ್ಲ. ಮಕ್ಕಳು ತಿರುಪು ಕಿತ್ತು ಆಡಿದರು. ಆಡು ಕಟ್ಟಲಿಕ್ಕೆ ಕಟ್ಟೆ ಅನುಕೂಲವಾಯಿತು.

ಆ ದಿನ ಗುತ್ತಿಗೆದಾರನ ಆಳುಗಳು ಟ್ಯಾಂಕರ್ ತಂದರು. ಮುದುಕಮ್ಮನ ಮನೆಯ ನಳಕ್ಕೆ ಗೋಡೆಯ ಹಿಂದಿನಿಂದ ರಬ್ಬರ್ ಪೈಪು ಸಿಕ್ಕಿಸಿದರು. ಮುದುಕಮ್ಮನ ಕೈಗೆ ಕೊಡ ಕೊಟ್ಟು ನಿಲ್ಲಿಸಿದರು. ಸೆರಗು ಸರಿಮಾಡಿಕೋ ಅಂದರು. ನಗು ಅಂದರು. ಅವಳು ನಕ್ಕಳು. ನೀರು ಬಿತ್ತು. ಫೋಟೋ ಆಯಿತು. ಕೊಡ ಅರ್ಧವೂ ತುಂಬಿರಲಿಲ್ಲ, ಪೈಪು ಕಿತ್ತರು. ಇದೊಂದು ಕೊಡ ತುಂಬಿಸಿ ಹೋಗ್ರಿ ಎಂದು ಅವಳು ಕೇಳಿಕೊಂಡಳು. ಡ್ರೈವರ್ ಪೈಪು ಸುತ್ತುತ್ತ, ಫೋಟೋ ಆತಲ್ಲ ಅಂದ.

ಅದೇ ಮಧ್ಯಾಹ್ನ ಆ ಫೋಟೋವನ್ನು ಪಂಚಾಯಿತಿಯ ಕಂಪ್ಯೂಟರಿಗೆ ಏರಿಸಿದವಳು ಮುದುಕಮ್ಮನ ಮಗಳು ದುರ್ಗಾ. ಅರವತ್ನಾಲ್ಕು ಮನೆ, ಅರವತ್ನಾಲ್ಕು ನಳ, ತಲೆಗೆ ದಿನಕ್ಕೆ ಐವತ್ತೈದು ಲೀಟರು. ಹಾಗೆಂದು ಮೇಲಿನವರು ಹೇಳಿದರು, ಅವಳು ಒತ್ತಿದಳು. ಕೊನೆಗೆ ಹೆಬ್ಬೆಟ್ಟು ಯಂತ್ರದ ಮೇಲೆ ಇಟ್ಟಳು. ಹಾಗೇ ಮುಂದಿನ ಕೆಲಸಕ್ಕೆ ಕೈ ಹಾಕಿದಳು. ಅದನ್ನು ನೆನೆದರೆ ಅವಳಿಗೆ ಈಗಲೂ ಸಿಟ್ಟು ಬರುತ್ತದೆ. ತನ್ನ ಮೇಲೆಯೇ.

ದುರ್ಗಾ ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್. ಖಾಯಂ ಅಲ್ಲ, ಏಜೆನ್ಸಿಯ ಆಳು. ಹುಣಸಗಿಯಲ್ಲಿ ಪಿಯುಸಿ ಮುಗಿಸಿ, ಹತ್ತಿ ಬಿಡಿಸುತ್ತಲೇ ಕಂಪ್ಯೂಟರ್ ಕಲಿತವಳು. ಗಂಡ ಸತ್ತು ಆರು ವರ್ಷ. ಬೆಳಿಗ್ಗೆ ಐದಕ್ಕೆ ಎದ್ದು ಕಾಲುವೆಗೆ ಹೋಗುವುದು ಅವಳ ಮೊದಲ ಕೆಲಸ. ಮುಕ್ಕಾಲು ಮೈಲಿ. ಕಾಲುವೆಯ ಏರಿಗೆ ಮೆಟ್ಟಿಲಿಲ್ಲ. ತಲೆಯ ಸಿಂಬಿಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ, ಹಸಿ ಮಣ್ಣಿನಲ್ಲಿ ಹೆಬ್ಬೆರಳು ಊರಿ ಹತ್ತಬೇಕು. ಹೀಗೆ ನಾಲ್ಕು ಸಲ. ಕಳೆದ ವರ್ಷ ಅವಳ ಅವ್ವ ಅದೇ ಏರಿಯ ಮೇಲೆ ಜಾರಿ ಬಿದ್ದಳು. ಭುಜ ಸರಿದದ್ದು ಮತ್ತೆ ನೆಟ್ಟಗೆ ಕೂಡಲಿಲ್ಲ. ಕಾಲುವೆಗೆ ನೀರು ಬಿಡುವುದು ನಿಂತ ತಿಂಗಳಲ್ಲಿ ಊರವರ ಹೊಲದ ಬೋರಿಗೆ ಹೋಗಿ ಕೈ ಒಡ್ಡಬೇಕು. ಅಲ್ಲಿ ಕೇರಿಯವರು ಪೈಪು ಮುಟ್ಟುವಂತಿಲ್ಲ. ಹೊಲದವ ಬರುವ ತನಕ ಕೊಡ ಸಾಲಿಟ್ಟು ಬಿಸಿಲಲ್ಲಿ ಕೂಡಬೇಕು. ಅವನು ಬಂದರೆ ಬಂದ, ಇಲ್ಲವಾದರೆ ಇಲ್ಲ.

ಎಂಟು ಕೊಡ ಹೊತ್ತು, ರೊಟ್ಟಿ ಬಡಿದು, ಹತ್ತಕ್ಕೆ ಅವಳು ಕಚೇರಿಯಲ್ಲಿರುತ್ತಿದ್ದಳು. ಕಚೇರಿಯಲ್ಲಿ ಅವಳು ಕಂಪ್ಯೂಟರ್ ಮುಟ್ಟಬಹುದಿತ್ತು. ಊರಿನ ಪ್ರತಿಯೊಬ್ಬರ ಹೆಸರು, ಹೊಲ, ಮನೆ, ಸಾವು, ಎಲ್ಲವನ್ನೂ ಮುಟ್ಟಬಹುದಿತ್ತು. ಮೂಲೆಯಲ್ಲಿದ್ದ ನೀರಿನ ಕ್ಯಾನು ಮುಟ್ಟುವಂತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ದಿನ ಅವಳು ಲೋಟ ತುಂಬಿಕೊಂಡಳು. ಮರುದಿನ ಆ ಲೋಟ ಕಿಟಕಿಯ ಹೊರಗೆ ಬಿದ್ದಿತ್ತು. ಅಂದಿನಿಂದ ಅವಳು ಮನೆಯಿಂದಲೇ ಬಾಟಲಿ ತಂದಳು.

ಪಂಚಾಯಿತಿಯ ಅಧ್ಯಕ್ಷೆ ಬಸವೇಶ್ವರಿ. ಕುರ್ಚಿಯಲ್ಲಿ ಕೂಡುತ್ತಿದ್ದವನು ಅವಳ ಗಂಡ ಸೂಗಪ್ಪ. ಊರಿಗೆ ದೊಡ್ಡ ಸಾವುಕಾರ, ಕೆಂಭಾವಿಯಲ್ಲಿ ಗೊಬ್ಬರದ ಅಂಗಡಿ. ಅಭಿವೃದ್ಧಿ ಅಧಿಕಾರಿ ಶಿವರಾಜ ಎದ್ದು ನಿಂತು ಅವನಿಗೆ ಚಹಾ ಕೊಡುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಯಾದಗಿರಿಯಲ್ಲಿ ಮೂರು ದಿನದ ತರಬೇತಿ ಬಂತು. ಪಂಚಾಯಿತಿಗಳು ಅಂಕಿ-ಅಂಶಗಳನ್ನು ಗುಡ್ಡೆ ಹಾಕುತ್ತವೆ, ಓದುವುದಿಲ್ಲ. ಓದಲಿಕ್ಕೆ ಕಲಿಸಬೇಕು ಎಂದು ಬೆಂಗಳೂರಿನ ಒಂದು ಸಂಸ್ಥೆ ಮುಂದೆ ಬಂದಿತ್ತು. ಶಿವರಾಜನಿಗೆ ಹೋಗಲು ಮನಸ್ಸಿರಲಿಲ್ಲ. ದುರ್ಗಾಳನ್ನು ಕಳಿಸಿದ.

ಕಲಿಸಲು ಬಂದವನು ಚೇತನಕುಮಾರ. ಶಹಾಪುರದ ಕಿರಾಣಿ ಅಂಗಡಿಯವರ ಮಗ. ಚೆನ್ನಾಗಿ ಕಲಿಸಿದ. ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕಕ್ಕಿಟ್ಟರೆ ಎರಡರಲ್ಲೂ ಇಲ್ಲದ ಮೂರನೆಯ ಮಾತು ಹೊರಗೆ ಬರುತ್ತದೆ ಎಂದು ತೋರಿಸಿದ. ಅಂಕಿಗೆ ಜಾತಿ ಇಲ್ಲ ಅಂದ. ದುರ್ಗಾ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಆ ಮೂರು ದಿನ ಅವಳಿಗೆ ಹಸಿವು ಗೊತ್ತಾಗಲಿಲ್ಲ. ಪಕ್ಕದ ಪಂಚಾಯಿತಿಯ ಆಪರೇಟರ್ ಗುಲ್ನಾಜ್ ಅವಳ ಜೋಡಿ ಕೂತಿದ್ದಳು. ನಿನ್ನ ತಲಿ ಭಾಳ ಚುರುಕೈತಿ ಎಂದು ಅವಳೂ ಅಂದಳು, ಚೇತನಕುಮಾರನೂ ಅಂದ. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ದುರ್ಗಾ ಮೊದಲ ಸಲ ಕೇಳಿದಳು.

ಪ್ರತಿ ಪಂಚಾಯಿತಿಯೂ ತನ್ನದೇ ಒಂದು ಪ್ರಶ್ನೆ ಹಿಡಿದು ತಿಂಗಳಲ್ಲಿ ಉತ್ತರ ತರಬೇಕಿತ್ತು. ಒಳ್ಳೆಯದಕ್ಕೆ ಜಿಲ್ಲೆಯ ಬಹುಮಾನ. ದುರ್ಗಾ ಹಿಡಿದ ಪ್ರಶ್ನೆ ಇಷ್ಟೇ. ನಮ್ಮ ಊರಿನಲ್ಲಿ ಯಾವ ಓಣಿಗೆ ದಿನಕ್ಕೆ ಎಷ್ಟು ತಾಸು ನೀರು?

ನೀರು ಬಿಡುವವನು ಪಂಪಣ್ಣ. ಬೀಡಿ ಸೇದುವ, ಯಾರಿಗೂ ಎದುರಾಡದ ಮನುಷ್ಯ. ಅವನ ಅಂಗಿಯ ಜೇಬಿನಲ್ಲಿ ಒಂದು ಚೋಟುದ್ದದ ಪುಸ್ತಕ. ಯಾವ ವಾಲ್ವು ಎಷ್ಟು ಹೊತ್ತಿಗೆ ತೆರೆದೆ, ಯಾವಾಗ ಮುಚ್ಚಿದೆ ಎಂದು ಎರಡು ವರ್ಷದಿಂದ ಬರೆದಿಟ್ಟಿದ್ದ. ಯಾರೂ ಅದನ್ನು ಕೇಳಿರಲಿಲ್ಲ. ದುರ್ಗಾ ಕೇಳಿದಾಗ ಅವನಿಗೆ ಖುಷಿಯೇ ಆಯಿತು. ಅವಳು ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿದಳು. ಪಂಪಿನ ಕರೆಂಟು ಮೀಟರು ದಿನಾ ಎಷ್ಟು ಓಡಿದೆ ಎಂಬುದನ್ನು ಪಕ್ಕಕ್ಕಿಟ್ಟಳು. ತಾಸುಗಳು ಕೂಡಿ ಬಂದವು. ಪೇಟೆ ಓಣಿಗೆ ಐದು ತಾಸು. ಗೌಡರ ಓಣಿಗೆ ನಾಲ್ಕು. ತಳವಾರ ಓಣಿಗೆ ಮೂರು. ಕೇರಿಗೆ ಸೊನ್ನೆ. ಕೇರಿಯ ವಾಲ್ವಿನ ಹೆಸರೇ ಆ ಪುಸ್ತಕದಲ್ಲಿರಲಿಲ್ಲ.

ಯಾಕೆ ಎಂದು ಕೇಳಿದಳು. ಪಂಪಣ್ಣ ಆಚೀಚೆ ನೋಡಿದ.

“ವಾಲ್ವ್ ತೆರದ್ರ ಏನಾಕ್ಕೈತಿ ತಂಗಿ. ಬಸವಣ್ಣನ ಗುಡಿ ಮುಂದ ಹದಿನೆಂಟು ಅಡಿ ಪೈಪೇ ಇಲ್ಲ. ಆ ಕಡಿ ಮಟ ತಂದಾರ, ಈ ಕಡಿಂದ ಸುರು ಮಾಡ್ಯಾರ. ನಡಬರಕ ಬರೇ ಮಣ್ಣು. ಗುಡಿ ಮುಂದ ಕೇರಿ ಪೈಪ್ ಹಾಯಬಾರ್ದು ಅಂತ ಸಾವ್ಕಾರ್ರು ಕೆಲಸ ನಿಲ್ಲಿಸಿದ್ರು.”

ಹದಿನೆಂಟು ಅಡಿ. ಆಳೆತ್ತರದ ಮೂವರು ಮಲಗಿದರೆ ಮುಗಿಯುವ ದೂರ. ಅಷ್ಟಕ್ಕಾಗಿ ತನ್ನ ಅವ್ವನ ಭುಜ ಸರಿದಿತ್ತು. ಕೇರಿಯ ಪರಮಣ್ಣನ ಬಸುರಿ ಸೊಸೆ ಏರಿಯ ಮೇಲೆ ಕೂಸು ಕಳಕೊಂಡಿದ್ದಳು. ಅಷ್ಟಕ್ಕಾಗಿ ಹುಡುಗಿಯರು ಸಾಲಿ ಬಿಟ್ಟು ಕೊಡ ಹೊತ್ತಿದ್ದರು. ದುರ್ಗಾ ಮನೆಗೆ ಹೋಗಿ ಅವ್ವನಿಗೆ ಹೇಳಿದಳು. ಮುದುಕಮ್ಮ ಭುಜ ಒತ್ತಿಕೊಂಡಳು. ಆಮೇಲೆ, ಇಷ್ಟ ದಿನಾ ನೀರೇ ಕಡಿಮಿ ಅದಾವ ಅಂತ ತಿಳಕೊಂಡಿದ್ದೆ ಅಂದಳು.

ದುರ್ಗಾ ಪಟ್ಟಿಯನ್ನು ಮೊದಲು ಚೇತನಕುಮಾರನಿಗೆ ಕಳಿಸಿದಳು. ಅವನು ಫೋನು ಮಾಡಿದ. ಕೆಲಸ ಭಾಳ ಚೊಲೋ ಆಗೇದ, ಬಹುಮಾನಕ್ಕೆ ನಿಮ್ಮ ಪಂಚಾಯಿತಿಯ ಹೆಸರೇ ಮುಂದಿದೆ ಎಂದು ಹೊಗಳಿದ. ಆಮೇಲೆ ಕೆಮ್ಮಿದ.

“ಆದ್ರ ಒಂದು ಸಾಲು ತೊಂದ್ರಿ ಕೊಡಾಕತ್ತೈತಿ ನೋಡ್ರಿ. ಉಳದ ಓಣಿ ಎಲ್ಲಾ ಮೂರರಿಂದ ಐದು, ಇದೊಂದು ಸೊನ್ನಿ. ಹಿಂಗ ಗುಂಪಿನಿಂದ ಹೊರಗ ಬೀಳೋ ಅಂಕಿ ತಗದು ಲೆಕ್ಕ ಮಾಡೋದು ಪದ್ಧತಿ. ಅದನ್ನ ಹೊರಗಿಡ್ರಿ. ಸರಾಸರಿ ನಾಕು ತಾಸು ಬರ್ತೈತಿ.”

ಅದು ನಮ್ಮ ಕೇರಿ ರೀ ಅಂದಳು ದುರ್ಗಾ.

ಚೇತನಕುಮಾರ ದನಿ ತಗ್ಗಿಸಿದ. ನಾನು ಹಂಗಂದಿಲ್ಲ, ಇದು ಲೆಕ್ಕದ ಮಾತು ಎಂದ. ನಿಮಗೆ ಬಹುಮಾನ ಬಂದರೆ ನಾಳೆ ಕೇರಿಗೂ ಒಳ್ಳೆಯದಾಗುತ್ತದೆ ಎಂದ. ಸಮಾಧಾನ ಮಾಡುವ ದನಿ. ಆ ದನಿ ಅವಳಿಗೆ ದಿನಾ ಕೇಳುವ ಸೂಗಪ್ಪನ ಬೈಗುಳಕ್ಕಿಂತ ಕೆಟ್ಟದ್ದೆನಿಸಿತು. ಬೈದವನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಶಿವರಾಜ ಅವಳನ್ನು ಕರೆದ. ಒಳಗೆ ಸೂಗಪ್ಪ ಕೂತಿದ್ದ. ಕಚೇರಿಯ ಸಿಪಾಯಿ ಬಾಗಿಲಲ್ಲಿ ನಿಂತಿದ್ದ. ವಿಷಯ ಆಗಲೇ ಯಾದಗಿರಿಯಿಂದ ಇಳಿದು ಬಂದಿತ್ತು. ಶಿವರಾಜ ತಾನೇ ಕಂಪ್ಯೂಟರಿನ ಮುಂದೆ ಕೂತು ಕೇರಿಯ ಸೊನ್ನೆ ಅಳಿಸಿದ. ನಾಲ್ಕು ಎಂದು ಒತ್ತಿದ. ಅರವತ್ನಾಲ್ಕು ಮನೆಯ ಎದುರು ಐವತ್ತೈದು ಲೀಟರು ಮರಳಿ ತುಂಬಿದ. ಈ ತಿಂಗಳ ವರದಿ ಹೋಗಲಿಕ್ಕೆ ಆಪರೇಟರಿನ ಹೆಬ್ಬೆಟ್ಟು ಬೇಕು. ಯಂತ್ರವನ್ನು ಅವಳ ಕಡೆ ಸರಿಸಿದ.

“ಹಚ್ಚು” ಅಂದ ಸೂಗಪ್ಪ.

ದುರ್ಗಾ ಕೈ ಎತ್ತಲಿಲ್ಲ.

ಶಿವರಾಜ ತಿಳಿಹೇಳಿದ. ಬಹುಮಾನ ಇಡೀ ಊರಿನದು. ಕೇರಿಯ ಪೈಪಿನ ಕೆಲಸ ಮುಂದಿನ ವರ್ಷದ ಯೋಜನೆಯಲ್ಲಿದೆ. ನಿನ್ನ ನೌಕರಿ ಏಜೆನ್ಸಿಯದು, ಒಂದು ಫೋನಿನ ಮೇಲೆ ನಿಂತಿದೆ. ಎಲ್ಲವನ್ನೂ ಅವನು ಮೆಲ್ಲಗೇ ಹೇಳಿದ. ದುರ್ಗಾ ಯಂತ್ರದ ಕೆಂಪು ದೀಪ ನೋಡುತ್ತ ನಿಂತಳು. ಬೆಳಿಗ್ಗೆ ಹೊತ್ತ ಕೊಡದ ನೋವು ಕುತ್ತಿಗೆಯಲ್ಲಿ ಇನ್ನೂ ಇತ್ತು.

“ನಾ ಹಚ್ಚಂಗಿಲ್ರಿ” ಅಂದಳು.

“ಏನಂದಿ?”

“ಹೋದ ಸಲ ಹಚ್ಚಿದ್ದೇ ತಪ್ಪಾಗೈತಿ. ಇನ್ನೊಮ್ಮಿ ಹಚ್ಚಂಗಿಲ್ಲ.”

ಸೂಗಪ್ಪ ಎದ್ದ. ಮುಖಕ್ಕೆ ರಕ್ತ ಏರಿತ್ತು. ನಿಮ್ಮವ್ವ ನಮ್ಮ ಹಿತ್ತಲದಾಗ ಸಗಣಿ ಬಳದಾಕಿ, ನೀ ನನಗ ಲೆಕ್ಕ ಕಲಸ್ತಿ ಏನು ಅಂದ. ಹಿಡದು ಹಚ್ಚಸಬೇಕು ಇಂಥವರ ಕೈ ಅಂದ. ಎರಡು ಹೆಜ್ಜೆ ಮುಂದೆ ಬಂದ. ಅವಳ ಮುಷ್ಟಿ ಅವನಿಂದ ಮೊಳದ ದೂರದಲ್ಲಿತ್ತು. ಅಲ್ಲಿಗೇ ನಿಂತ. ಹಿಡಿಯಬೇಕೆಂದರೆ ಮುಟ್ಟಬೇಕಿತ್ತು. ಸಿಪಾಯಿಯ ಕಡೆ ನೋಡಿದ. ಸಿಪಾಯಿ ನೆಲ ನೋಡಿದ.

ದುರ್ಗಾಳಿಗೆ ಆಗ ನಗು ಬಂತು. ನಗಲಿಲ್ಲ. ಮೇಜಿನ ಹತ್ತಿರ ಹೋಗಿ ಶಿವರಾಜ ಒತ್ತಿದ್ದನ್ನೆಲ್ಲ ಹಿಂದಕ್ಕೆ ತಂದಳು. ನಾಲ್ಕು ಹೋಗಿ ಸೊನ್ನೆಯಾಯಿತು. ಐವತ್ತೈದು ಹೋಗಿ ಅರವತ್ನಾಲ್ಕು ಸೊನ್ನೆಗಳಾದವು. ಅವಳು ಹಚ್ಚಲು ಬಂದಳೆಂದುಕೊಂಡು ಶಿವರಾಜ ಕುರ್ಚಿ ಬಿಟ್ಟು ಸೂಗಪ್ಪನ ಕಡೆ ತಿರುಗಿದ್ದ. ಅವನಿಗೆ ತಿಳಿಯುವ ಮೊದಲೇ ಅವಳು ಹೆಬ್ಬೆಟ್ಟು ಇಟ್ಟಳು. ದೀಪ ಹಸಿರಾಯಿತು. ವರದಿ ಹೋಯಿತು.

ಸಂಜೆಯೊಳಗೆ ಏಜೆನ್ಸಿಯವರ ಫೋನು ಬಂತು. ನಾಳೆಯಿಂದ ಬರಬೇಡ ಅಂದರು.

ಯಾದಗಿರಿಯ ಜಿಲ್ಲಾ ಕಚೇರಿಯಲ್ಲಿ ನೀರಿನ ಲೆಕ್ಕ ತೋರಿಸುವ ದೊಡ್ಡ ಪರದೆಯ ಮೇಲೆ ಹಸಿರು ಜಿಲ್ಲೆಯಲ್ಲಿ ಮುಳ್ಳಿನಾಳ ಒಂದೇ ಕೆಂಪಾಯಿತಂತೆ. ಹಾಗೆಂದು ಗುಲ್ನಾಜ್ ತಿಳಿಸಿದಳು. ಪರಿಶೀಲನೆಗೆ ತಂಡ ಬರುತ್ತದೆ ಎಂದಳು. ಕೇರಿಯಲ್ಲಿ ಆಸೆ ಹುಟ್ಟಿತು. ಹೆಂಗಸರು ನಳದ ಕಟ್ಟೆ ಸಾರಿಸಿದರು, ಆಡು ಬಿಚ್ಚಿ ಬೇರೆ ಕಡೆ ಕಟ್ಟಿದರು. ಕೂಲಿ ಬಿಟ್ಟು ಒಂದು ದಿನ ಕಾದರು. ಜೀಪು ಬಂತು. ಗುಡಿಯ ತನಕ ಬಂತು. ಸೂಗಪ್ಪನ ಮನೆಯಲ್ಲಿ ಚಹಾ ಆಯಿತು, ಉಪ್ಪಿಟ್ಟು ಆಯಿತು. ಪೇಟೆ ಓಣಿಯ ಎರಡು ನಳ ತಿರುವಿ ನೋಡಿದರು. ಜೀಪು ಹೋಯಿತು. ಕೇರಿಯ ಒಳಗೆ ಒಬ್ಬರೂ ಕಾಲಿಡಲಿಲ್ಲ.

ನಾಲ್ಕು ದಿನದ ಮೇಲೆ ಗುಲ್ನಾಜ್ ಫೋನಿನಲ್ಲಿ ತಂಡದ ವರದಿ ಓದಿದಳು. ದುರ್ಗಾಳ ಲಾಗಿನ್ ಮುಚ್ಚಿತ್ತು, ಗುಲ್ನಾಜಳದು ತೆರೆದಿತ್ತು. ವರದಿ ಮೂರೇ ಸಾಲು. ಪೈಪ್‌ಲೈನ್ ಕಾಮಗಾರಿ ಪೂರ್ಣಗೊಂಡಿದೆ. ಎಲ್ಲ ಮನೆಗಳಿಗೂ ನೀರು ಪೂರೈಕೆಯಾಗುತ್ತಿದೆ. ಸೊನ್ನೆ ಬಂದಿರುವುದು ಹಿಂದಿನ ಆಪರೇಟರಿನ ಡಾಟಾ ಎಂಟ್ರಿ ದೋಷ.

ದುರ್ಗಾ ಅದನ್ನು ಕೇರಿಯ ಹೆಂಗಸರಿಗೆ ಬಿಡಿಸಿ ಹೇಳಿದಳು. ಪೈಪು ಪೂರಾ ಐತಿ ಅಂತ ಬರದಾರ, ನೀರು ಬರ್ತೈತಿ ಅಂತ ಬರದಾರ, ಸುಳ್ಳು ಬರದಾಕಿ ನಾನಂತ. ಯಾರೂ ಅಳಲಿಲ್ಲ. ಒಬ್ಬಳು ಉಗುಳಿದಳು. ಮುದುಕಮ್ಮ ಒಳಗೆ ಹೋಗಿ ಗುದ್ದಲಿ ತಂದಳು. ಭುಜ ಸರಿಯಿಲ್ಲದವಳು, ಎಡಗೈಯಲ್ಲಿ ಎಳೆದುಕೊಂಡು ಬಂದಳು.

“ಐತಿ ಅಂದಾರಲ್ಲ. ಅಗದು ನೋಡೂಣು ನಡೀರಿ.”

ಹೆದರಿದವರು ಇದ್ದರು. ನಾಳೆ ಅವರ ಹೊಲಕ್ಕೇ ಹತ್ತಿ ಬಿಡಿಸಲು ಹೋಗಬೇಕು ಎಂದವರು ಇದ್ದರು. ಆದರೆ ಮರುದಿನ ಮುಂಜಾನೆ ಹತ್ತಕ್ಕೆ, ಕಚೇರಿ ತೆರೆಯುವ ಹೊತ್ತಿಗೆ, ನಲವತ್ತೊಂದು ಹೆಂಗಸರು ಬಸವಣ್ಣನ ಗುಡಿ ಮುಂದೆ ಇದ್ದರು. ಎಲ್ಲರೂ ಉದ್ಯೋಗ ಖಾತ್ರಿಯಲ್ಲಿ ಕೆರೆ, ಬದು ಅಗೆದ ಕೈಗಳು. ದುರ್ಗಾ ಟೇಪು ಹಿಡಿದು ಸುಣ್ಣದ ಗೆರೆ ಎಳೆದಳು. ಗರಸು ಹಾಕಿ ಬಡಿದ ನೆಲ, ಕಲ್ಲಿನಂತಿತ್ತು. ಗುದ್ದಲಿ ಬಿದ್ದಾಗ ಕಿಡಿ ಹಾರಿತು. ಒಬ್ಬಳು ದಣಿದರೆ ಇನ್ನೊಬ್ಬಳು ಇಳಿದಳು. ಮಣ್ಣು ಬುಟ್ಟಿಗೆ, ಬುಟ್ಟಿ ತಲೆಗೆ. ಅಂಗೈಯ ಬೊಕ್ಕೆ ಒಡೆದವು.

ಊರು ಕೂಡಿತು. ಸೂಗಪ್ಪ ಬಂದ. ಗುಡಿ ಮುಂದ ನಿಮ್ಮ ಪೈಪ್ ಹಾಯಂಗಿಲ್ಲ ಅಂತ ಅವತ್ತೇ ಹೇಳೀನಿ, ಮ್ಯಾಲೆ ಬರ್ರಿ ಎಂದು ಗದರಿದ.

ಮುದುಕಮ್ಮ ಬುಟ್ಟಿ ಕೆಳಗಿಟ್ಟಳು.

“ಹಾಯ್ದೈತಿ ಅಂತ ಸರ್ಕಾರದಾಗ ಬರಸೀರಿ ಸಾವ್ಕಾರ್ರ. ಅದನ್ನ ಹುಡುಕಾಕತ್ತೀವಿ.”

ಊರವರಲ್ಲೇ ಯಾರೋ ನಕ್ಕರು. ಸೂಗಪ್ಪನಿಗೆ ಆ ನಗು ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡೂವರೆ ಅಡಿ ಆಳ ಆಯಿತು. ಆ ತುದಿಯಲ್ಲಿ ಒಂದು ಪೈಪಿನ ಬಾಯಿ ಸಿಕ್ಕಿತು, ಗೋಣಿತಟ್ಟು ತುರುಕಿತ್ತು. ಈ ತುದಿಯಲ್ಲಿ ಇನ್ನೊಂದು ಬಾಯಿ. ನಡುವೆ ಏನೂ ಇಲ್ಲ. ದುರ್ಗಾ ತಗ್ಗಿಗಿಳಿದು ಎಲ್ಲರೆದುರು ಟೇಪು ಹಿಡಿದಳು. ಹದಿನೆಂಟು ಅಡಿ ಮೂರು ಇಂಚು. ಇಪ್ಪತ್ತು ಫೋನುಗಳು ಅದನ್ನು ಹಿಡಿದವು. ಶಿವರಾಜ ಗುಡಿ ಎದುರಿನ ಕಚೇರಿಯ ಬಾಗಿಲಿನಿಂದ ನೋಡಿ ಒಳಗೆ ಹೋದ.

ಗುತ್ತಿಗೆದಾರ ಬಿಟ್ಟುಹೋದ ಪೈಪುಗಳು ಸಾಲಿ ಕಟ್ಟಡದ ಹಿಂದೆ ಬಿಸಿಲಿಗೆ ಒಣಗುತ್ತಿದ್ದವು. ಕೇರಿಯ ಹಣಮೇಶ ಶಹಾಪುರದಲ್ಲಿ ಪ್ಲಂಬಿಂಗ್ ಮಾಡುವವನು. ಆ ದಿನ ಕೆಲಸ ಬಿಟ್ಟು ಬಂದಿದ್ದ. ಒಂದು ಪೈಪು ತಂದು ಅಳತೆಗೆ ಕೊಯ್ದು ಗಮ್ಮು ಹಚ್ಚಿ ಕೂಡಿಸಿದ. ಅರ್ಧ ತಾಸೂ ಹಿಡಿಯಲಿಲ್ಲ. ಎರಡು ವರ್ಷ ಆಗದ ಕೆಲಸ.

ವಾಲ್ವಿನ ಚಾವಿ ಪಂಪಣ್ಣನ ಕೈಯಲ್ಲಿತ್ತು. ನನ್ನ ಕೆಲಸ ಹೋಗ್ತೈತಿ ತಂಗಿ ಅಂದ. ನಂದು ಹೋಗೈತಿ ಕಾಕಾ ಅಂದಳು ದುರ್ಗಾ. ಅವನು ಸೂಗಪ್ಪನ ಕಡೆ ನೋಡಿದ, ತಗ್ಗಿನ ಕಡೆ ನೋಡಿದ. ಮುದುಕಮ್ಮ ಹೋಗಿ ಚಾವಿ ತೆಗೆದುಕೊಂಡಳು. ಅವಳು ಕಸಿಯಲಿಲ್ಲ. ಅವನು ಬಿಗಿಯಾಗಿ ಹಿಡಿಯಲೂ ಇಲ್ಲ.

ಮೊದಲು ನಳಗಳು ಗೊರಗುಟ್ಟಿದವು. ಆಮೇಲೆ ಕೆಂಪು ಕೆಸರು ಕಾರಿದವು. ಆಮೇಲೆ ನೀರು. ತಿರುಪಿಲ್ಲದ ನಳಗಳಿಂದ ಓಣಿಗೆಲ್ಲ ಹರಿಯಿತು. ಹೆಂಗಸರು ಕೊಡ, ಬಕೀಟು, ಪಾತೇಲಿ, ಕಡೆಗೆ ರೊಟ್ಟಿಯ ಬುಟ್ಟಿಗೂ ಪ್ಲಾಸ್ಟಿಕ್ ಹಾಸಿ ತುಂಬಿದರು. ಪರಮಣ್ಣನ ಸೊಸೆ ನಳದ ಕೆಳಗೆ ತಲೆಯೊಡ್ಡಿ ಕೂತುಬಿಟ್ಟಳು. ಒಂದು ತಾಸು ನಲವತ್ತು ನಿಮಿಷ. ಆಮೇಲೆ ಸೂಗಪ್ಪ ಪಂಪನ್ನೇ ನಿಲ್ಲಿಸಿದ. ಇಡೀ ಊರಿನ ನೀರು ನಿಂತಿತು. ಪೇಟೆ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ಅವನ ಮನೆಯ ಮುಂದೆಯೇ ಕೂಗಾಡಿದರು.

ಕೇರಿಯವರು ತಗ್ಗು ಮುಚ್ಚಿ, ಮೇಲೆ ಬಂಡೆ ಹೊರಿಸಿ, ಬಂಡೆಯ ಮೇಲೆ ಕೂತರು. ಪೈಪು ಕೀಳಬೇಕಾದರೆ ಮೊದಲು ತಮ್ಮನ್ನು ಎಬ್ಬಿಸಬೇಕಿತ್ತು.

ಹೊತ್ತು ಇಳಿಯುವ ಮೊದಲೇ ಪೊಲೀಸ್ ಜೀಪು ಬಂತು. ಸಾರ್ವಜನಿಕ ಆಸ್ತಿ ಹಾಳು ಮಾಡಿದ ದೂರು. ಕೊಟ್ಟವನು ಶಿವರಾಜ. ಫೌಜುದಾರ ದೂರನ್ನು ಗಟ್ಟಿಯಾಗಿ ಓದಿದ. ಆರೋಪಿಗಳು ದುರ್ಗಾ, ಹಣಮೇಶ ಮತ್ತು ಇತರರು. ಇಬ್ಬರೂ ಜೀಪು ಹತ್ರಿ ಅಂದ. ಉಳಿದವರು ಮನೆಗೆ ಹೋಗಿ, ನಿಮ್ಮ ಮೇಲೇನೂ ಇಲ್ಲ ಅಂದ.

ದುರ್ಗಾ ಎದ್ದಳು. ಸೀರೆಯ ಮಣ್ಣು ಕೊಡವಿದಳು. ಅವಳಿಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಜೀಪಿನ ಕಡೆ ನಾಲ್ಕು ಹೆಜ್ಜೆ ಇಟ್ಟಾಗ ಹಿಂದಿನಿಂದ ಅವ್ವನ ದನಿ ಕೇಳಿತು.

“ಸಾಹೇಬ್ರ, ಇತರರು ಅಂದ್ರ ಯಾರ್ರಿ?”

ಫೌಜುದಾರ ತಿರುಗಿದ. ಅದು ಬರೆಯುವ ಪದ್ಧತಿ ಅಷ್ಟೇ, ನೀವು ಹೋಗಿ ಅಂದ.

“ಅಗದಾಕಿ ನಾನು. ಚಾವಿ ತಿರುವಿದಾಕಿ ನಾನು. ನನ್ನ ಹೆಸರು ಮುದುಕಮ್ಮ. ಬರಕೋರಿ.”

ಅವಳ ಹಿಂದೆ ಪಕ್ಕದ ಮನೆಯ ಚಂದಮ್ಮ ಎದ್ದಳು. ಅವಳ ಹಿಂದೆ ಪರಮಣ್ಣನ ಸೊಸೆ ಎದ್ದಳು, ಕೂದಲು ಇನ್ನೂ ಹಸಿ. ಒಬ್ಬೊಬ್ಬರೇ ಬಂಡೆಯಿಂದ ಇಳಿದು ಪೇದೆಯ ಮುಂದೆ ನಿಂತರು. ಪೇದೆ ಫೌಜುದಾರನ ಮುಖ ನೋಡಿದ. ಫೌಜುದಾರ ಗಡಿಯಾರ ನೋಡಿದ, ನೆರೆದ ಜನ ನೋಡಿದ, ಎತ್ತಿ ಹಿಡಿದ ಫೋನು ನೋಡಿದ. ಬರಕೋ ಅಂದ.

ಪೇದೆ ಬರೆದ. ಹೆಸರು, ಗಂಡನ ಹೆಸರು, ವಯಸ್ಸು, ಜಾತಿ, ಉದ್ಯೋಗ. ಒಂದು ಹಾಳೆ ತುಂಬಿತು, ಎರಡನೆಯದು ತುಂಬಿತು. ಹೊತ್ತಾಗುತ್ತದೆಂದು ಅವನು ನಡುನಡುವೆ ಹೆಸರು ಬಿಡುತ್ತಿದ್ದ. ದುರ್ಗಾ ಅವನ ಪಕ್ಕ ನಿಂತು ಒಂದೊಂದು ಸಾಲನ್ನೂ ನೋಡಿದಳು. ಬಿಟ್ಟದ್ದನ್ನು ಬೆರಳಿಟ್ಟು ತೋರಿಸಿದಳು. ಇಲ್ಲಿ ಒಬ್ಬಾಕಿ ಬಿಟ್ಟೀರಿ, ಬರೀರಿ ಅಂದಳು. ಅವನು ಬರೆದ.